ಸುದ್ದಿಗೆ ಸ್ಟಾರ್ ಕೊಡುವ ಮುಂಚೆ

ಒಂದು ಸುದ್ದಿ ಓದಿ ಮುಗಿಸಿದಿರಿ. ಕೆಳಗೆ ಐದು ಸ್ಟಾರ್ ಕಾಣಿಸುತ್ತಿವೆ, ಪಕ್ಕದಲ್ಲಿ ‘ಈ ವರದಿ ನಂಬುವಂತಿದೆಯೇ?’ ಅಂತ ಒಂದು ಪ್ರಶ್ನೆ. ಬೆರಳು ತಾನಾಗೇ ಹೋಗುತ್ತದೆ. ಓದಿ ಖುಷಿಯಾಗಿದ್ದರೆ ಐದು, ಸಿಟ್ಟು ಬಂದಿದ್ದರೆ ಒಂದು. ಎರಡು ಸೆಕೆಂಡಿನ ಕೆಲಸ. ಆ ಎರಡು ಸೆಕೆಂಡಿನಲ್ಲಿ ನಿಮ್ಮ ಮನಸ್ಸಿನ ಅಳತೆ ಸಿಕ್ಕಿತು, ಸುದ್ದಿಯ ಅಳತೆ ಸಿಗಲಿಲ್ಲ.

ನಾನೂ ಇದೇ ತಪ್ಪು ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿ ತನ್ನ ಕೆಲಸಗಾರರಿಗೆ ಮಾಡಿದ ಅನ್ಯಾಯದ ಬಗ್ಗೆ ವರದಿ ಓದಿದೆ. ಮೈ ಉರಿದುಹೋಯಿತು. ಐದಕ್ಕೆ ಐದು ಕೊಟ್ಟೆ, ಇಂಥ ವರದಿಗಳು ಇನ್ನೂ ಬರಬೇಕು ಅಂತ ಬರೆದೂಬಿಟ್ಟೆ. ವಾರ ಕಳೆದ ಮೇಲೆ ಅದೇ ವರದಿಗೆ ದೊಡ್ಡದೊಂದು ತಿದ್ದುಪಡಿ ಬಂತು. ಆಗ ಮತ್ತೆ ಕೂತು ಓದಿದೆ. ಇಡೀ ವರದಿ ನಿಂತಿದ್ದದ್ದು ಹೆಸರಿಲ್ಲದ ಒಬ್ಬನೇ ಒಬ್ಬ ವ್ಯಕ್ತಿಯ ಮಾತಿನ ಮೇಲೆ. ಕಂಪನಿಯವರನ್ನು ಕೇಳಿದ್ದಾರಾ ಅಂತ ಹುಡುಕಿದರೆ ಆ ಬಗ್ಗೆ ಒಂದು ಸಾಲೂ ಇಲ್ಲ. ಇದೆಲ್ಲ ಮೊದಲ ದಿನವೇ ನನ್ನ ಕಣ್ಣೆದುರಿಗಿತ್ತು. ಸಿಟ್ಟಿನಲ್ಲಿ ನೋಡಿರಲಿಲ್ಲ, ಅಷ್ಟೇ. ನನ್ನ ಸ್ಟಾರ್ ನೋಡಿ ಅದನ್ನು ನಂಬಿದವರು ಎಷ್ಟು ಜನ ಇದ್ದರೋ ಅನ್ನುವುದು ಈಗಲೂ ಕಾಡುತ್ತದೆ.

ಆಮೇಲೆ ನಾನು ಹಿಡಿದ ದಾರಿ ಇದು. ವರದಿ ಹೇಳುವ ವಿಷಯ ನನಗೆ ಇಷ್ಟವಾಯಿತಾ ಅನ್ನುವುದನ್ನು ಪಕ್ಕಕ್ಕಿಟ್ಟು, ವರದಿಗಾರರು ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರಾ ಅಂತ ಮಾತ್ರ ನೋಡುವುದು. ಕೇಳಬೇಕಾದವರನ್ನು ಕೇಳಿದ್ದಾರಾ, ಹೇಳಿದ್ದಕ್ಕೆ ಆಧಾರ ಕೊಟ್ಟಿದ್ದಾರಾ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿದ್ದಾರಾ? ನನಗೆ ಒಂಚೂರೂ ಹಿಡಿಸದ ಸಂಗತಿ ಹೇಳುವ ವರದಿಗೂ ನಾಲ್ಕು ಸ್ಟಾರ್ ಕೊಡಬೇಕಾಗಿ ಬಂದಿದೆ. ನನ್ನ ಅಭಿಪ್ರಾಯವನ್ನೇ ಚೆಂದವಾಗಿ ಹೇಳಿದ ಬರಹಕ್ಕೆ ಎರಡು ಕೊಟ್ಟಿದ್ದೂ ಇದೆ. ಮೊದಮೊದಲು ಕಷ್ಟ, ಆಮೇಲೆ ರೂಢಿಯಾಗುತ್ತದೆ.

ನಾವು ಸಾಮಾನ್ಯ ಓದುಗರು ಕೊಡುವ ಅಂಕಕ್ಕೆ ಏನು ಬೆಲೆ ಅಂತ ನಿಮಗೆ ಅನ್ನಿಸಬಹುದು. ಬೆಲೆ ಇದೆ. ಗಾರ್ಡನ್ ಪೆನ್ನಿಕುಕ್ ಮತ್ತು ಡೇವಿಡ್ ರ‍್ಯಾಂಡ್ ಎಂಬ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಸಾಮಾನ್ಯ ಜನರಿಗೆ 60 ಸುದ್ದಿತಾಣಗಳ ಹೆಸರು ಕೊಟ್ಟು, ಯಾವುದನ್ನು ಎಷ್ಟು ನಂಬುತ್ತೀರಿ ಅಂತ ಕೇಳಿದರು. ಬೇರೆ ಬೇರೆ ಪಕ್ಷದ ಕಡೆ ಒಲವಿದ್ದವರ ಉತ್ತರಗಳನ್ನು ಸಮವಾಗಿ ಸೇರಿಸಿ ಸರಾಸರಿ ತೆಗೆದಾಗ, ಅದು ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳ, ಅಂದರೆ ಸುದ್ದಿ ನಿಜವಾ ಅಂತ ಪರಿಶೀಲಿಸುವುದನ್ನೇ ಕೆಲಸ ಮಾಡಿಕೊಂಡವರ ಅಂಕಕ್ಕೆ ತುಂಬಾ ಹತ್ತಿರ ಬಂತು. 2021ರಲ್ಲಿ ಇದೇ ಗುಂಪಿನವರು ಬಿಡಿಬಿಡಿ ವರದಿಗಳನ್ನು ಇಟ್ಟುಕೊಂಡು ಮತ್ತೆ ನೋಡಿದರು. ತಲೆಬರಹ ಮತ್ತು ಮೊದಲ ಸಾಲುಗಳನ್ನಷ್ಟೇ ತೋರಿಸಿದರೂ, ಎರಡೂ ಕಡೆಯವರಿರುವ ಸಣ್ಣ ಗುಂಪಿನ ಸರಾಸರಿ ಸಾಕಷ್ಟು ಚೆನ್ನಾಗಿಯೇ ಇತ್ತು. ಒಬ್ಬರ ಅಂಕ ಹೆಚ್ಚುಕಡಿಮೆ ಆಗಬಹುದು, ಹತ್ತಾರು ಜನ ತಮ್ಮ ಪಾಡಿಗೆ ತಾವು ಯೋಚಿಸಿ ಕೊಟ್ಟರೆ ಆ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಇಲ್ಲಿ ಎರಡು ಷರತ್ತು ಇವೆ, ಮರೆಯಬೇಡಿ. ಗುಂಪಿನಲ್ಲಿ ಎಲ್ಲ ತರಹದವರೂ ಇರಬೇಕು. ಮತ್ತೆ ಯಾರೂ ಪಕ್ಕದವರನ್ನು ನೋಡಿ ಬರೆಯಬಾರದು.

ಓದುವ ಮೊದಲು, ಓದುವಾಗ

ಪೂರ್ತಿ ಓದಿ. ಹೇಳುವ ಅಗತ್ಯವೇ ಇಲ್ಲದ ಮಾತು ಅನ್ನಿಸುತ್ತೆ ಅಲ್ವಾ? ಆದರೆ 2016ರಲ್ಲಿ ಟ್ವಿಟರ್ ಬಗ್ಗೆ ನಡೆದ ಒಂದು ಅಧ್ಯಯನದಲ್ಲಿ, ಜನ ಹಂಚಿಕೊಂಡ ಸುದ್ದಿ ಲಿಂಕ್‌ಗಳ ಪೈಕಿ ಶೇ 59ರಷ್ಟನ್ನು ಯಾರೂ ಒಮ್ಮೆಯೂ ಕ್ಲಿಕ್ ಮಾಡಿರಲಿಲ್ಲ. ತಲೆಬರಹವನ್ನೇ ಸುದ್ದಿ ಅಂದುಕೊಂಡು ಹಂಚುತ್ತೇವೆ, ಅದಕ್ಕೇ ಅಂಕವನ್ನೂ ಕೊಡುತ್ತೇವೆ. ಪೂರ್ತಿ ಓದುವ ಪುರಸೊತ್ತು ಇಲ್ಲದಿದ್ದರೆ ರೇಟಿಂಗ್ ಕೊಡಬೇಡಿ. ಅದರಲ್ಲಿ ತಪ್ಪೇನೂ ಇಲ್ಲ.

ತಾರೀಖು ನೋಡಿ. ಮೂರು ವರ್ಷ ಹಳೆಯ ಪ್ರವಾಹದ ಸುದ್ದಿ ಈ ಮಳೆಗಾಲದಲ್ಲಿ ಮತ್ತೆ ಓಡಾಡುತ್ತಿರುತ್ತದೆ. ವರದಿ ಸುಳ್ಳಲ್ಲ, ಅದರ ಕಾಲ ಮುಗಿದಿದೆ. ಹಾಗಿದ್ದಾಗ ಕಡಿಮೆ ಅಂಕ ಕೊಟ್ಟರೆ ಅದನ್ನು ಬರೆದವರಿಗೆ ಅನ್ಯಾಯ. ಅದು ಹಳೆಯದು ಅಂತ ಒಂದು ಸಾಲು ಬರೆದರೆ ಸಾಕು.

ಇನ್ನು, ಕೈಯಲ್ಲಿರುವುದು ಯಾವ ಜಾತಿಯ ಬರಹ? ಸುದ್ದಿ ವರದಿಯಾ, ಅಂಕಣವಾ, ವಿಶ್ಲೇಷಣೆಯಾ, ದುಡ್ಡು ಕೊಟ್ಟು ಬರೆಸಿದ್ದಾ? ಅಂಕಣದಲ್ಲಿ ಲೇಖಕರ ಅಭಿಪ್ರಾಯ ಇರಲೇಬೇಕು, ಅದಕ್ಕೆ ‘ಪಕ್ಷಪಾತ’ ಅಂತ ಅಂಕ ಕಳೆಯುವುದರಲ್ಲಿ ಅರ್ಥವಿಲ್ಲ. ಅಂಕಣದಲ್ಲಿ ನೋಡಬೇಕಾದ್ದು ಅಭಿಪ್ರಾಯ ನಿಂತಿರುವ ಸಂಗತಿಗಳು ಸರಿಯಾಗಿವೆಯಾ ಅಂತ. ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಹಾಕಿ, ‘ಪ್ರಾಯೋಜಿತ’ ಅನ್ನುವ ಪದವನ್ನು ಕಣ್ಣಿಗೆ ಕಾಣದ ಅಕ್ಷರದಲ್ಲಿ ಮೂಲೆಗೆ ತಳ್ಳಿದ್ದರೆ ನಾನು ಒಂದೇ ಸ್ಟಾರ್ ಕೊಡುತ್ತೇನೆ. ಬರಹ ಎಷ್ಟೇ ಚೆನ್ನಾಗಿರಲಿ.

‘ಎನ್ನಲಾಗಿದೆ’ ಅಂದವರು ಯಾರು?

ಎನ್ನಲಾಗಿದೆ. ಹೇಳಲಾಗುತ್ತಿದೆ. ತಿಳಿದುಬಂದಿದೆ. ಬಲ್ಲ ಮೂಲಗಳ ಪ್ರಕಾರ. ಈ ಮಾತುಗಳು ಕಂಡಲ್ಲೆಲ್ಲ ಒಂದು ಕ್ಷಣ ನಿಲ್ಲಿ. ಯಾರು ಅಂದರು? ಯಾರು ಹೇಳುತ್ತಿದ್ದಾರೆ? ಯಾರಿಗೆ, ಎಲ್ಲಿಂದ ತಿಳಿದುಬಂತು?

ಮಾತಾಡುವಾಗ ನಾವು ‘ಅಂತೆ’ ಅನ್ನುತ್ತೇವೆ. ‘ಅವರು ರಾಜೀನಾಮೆ ಕೊಟ್ಟರಂತೆ.’ ಆ ಪುಟ್ಟ ‘ಅಂತೆ’ಯಲ್ಲಿ ಎಷ್ಟು ಪ್ರಾಮಾಣಿಕತೆ ಇದೆ ನೋಡಿ. ನಾನು ಕಂಡಿಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ ಅಂತ ಮೊದಲೇ ಒಪ್ಪಿಕೊಂಡಂತೆ. ಅದೇ ಮಾತು ವರದಿಯಲ್ಲಿ ‘ರಾಜೀನಾಮೆ ನೀಡಿದ್ದಾರೆ ಎನ್ನಲಾಗಿದೆ’ ಅಂತಾದಾಗ ಅದಕ್ಕೊಂದು ಗತ್ತು ಬಂದುಬಿಡುತ್ತದೆ, ಯಾರೋ ವಿಚಾರಿಸಿ ಖಾತ್ರಿ ಮಾಡಿಕೊಂಡು ಬರೆದಿದ್ದಾರೆ ಅನ್ನಿಸುತ್ತದೆ. ನಾನು ಮಾಡುವ ಉಪಾಯ ಇದು: ವರದಿಯಲ್ಲಿ ಹೇಳಿದವರ ಹೆಸರಿಲ್ಲದ ‘ಎನ್ನಲಾಗಿದೆ’ಗಳನ್ನೆಲ್ಲ ಮನಸ್ಸಿನಲ್ಲೇ ‘ಅಂತೆ’ ಮಾಡಿಕೊಂಡು ಇನ್ನೊಮ್ಮೆ ಓದುವುದು. ‘ಇಬ್ಬರ ನಡುವೆ ಜಗಳ ನಡೆದಿತ್ತಂತೆ, ದುಡ್ಡಿನ ವಿಷಯವೇ ಕಾರಣವಂತೆ, ಮೊದಲೇ ಎಚ್ಚರಿಕೆ ಕೊಟ್ಟಿದ್ದರಂತೆ.’ ಹೀಗೆ ಓದಿದಾಗ ಗಟ್ಟಿ ವರದಿ ಗಟ್ಟಿಯಾಗಿಯೇ ಉಳಿಯುತ್ತದೆ, ಯಾಕೆಂದರೆ ಅದರಲ್ಲಿ ‘ಅಂತೆ’ ಒಂದೋ ಎರಡೋ ಇರುತ್ತದೆ. ಪೊಳ್ಳು ವರದಿ ಮೊದಲಿಂದ ಕೊನೆವರೆಗೂ ಅಂತೆಕಂತೆ ಆಗಿಬಿಡುತ್ತದೆ. ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ತಲೆಬರಹವನ್ನೂ ಇದೇ ಕಣ್ಣಿನಿಂದ ನೋಡಿ. ಒಳಗೆ ‘ಎನ್ನಲಾಗಿದೆ’ ಇದ್ದು ತಲೆಬರಹದಲ್ಲಿ ಅದು ಮಾಯವಾಗಿದ್ದರೆ ಅಂಕ ಕಡಿಮೆ ಮಾಡಿ. ಒಳಗೆ ‘ತನಿಖೆ ನಡೆಯುತ್ತಿದೆ’, ಮೇಲೆ ‘ಭಾರಿ ಹಗರಣ ಬಯಲು’. ಒಳಗೆ ಇಬ್ಬರ ಕಾಮೆಂಟ್, ಮೇಲೆ ‘ನೆಟ್ಟಿಗರು ಗರಂ’. ತಲೆಬರಹವನ್ನು ಹೆಚ್ಚಾಗಿ ವರದಿಗಾರರು ಕೊಡುವುದಿಲ್ಲ, ಡೆಸ್ಕಿನಲ್ಲಿ ಕೂತವರು ಕೊಡುತ್ತಾರೆ. ಅದಕ್ಕೇ ವರದಿಗೊಂದು, ತಲೆಬರಹಕ್ಕೊಂದು ಅಂತ ಬೇರೆ ಬೇರೆ ಅಂಕ ಕೊಡಲು ಅವಕಾಶವಿದ್ದರೆ ಹಾಗೇ ಕೊಡಿ, ಇಲ್ಲದಿದ್ದರೆ ಟಿಪ್ಪಣಿಯಲ್ಲಾದರೂ ಹೇಳಿ.

ಹೆಸರಿಲ್ಲದ ಮೂಲ ಅಂದರೆ ಸುಳ್ಳು ಅಂತ ಅರ್ಥವಲ್ಲ, ಇದನ್ನು ಒತ್ತಿ ಹೇಳಬೇಕು. 1970ರ ದಶಕದಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದಲ್ಲಿ ‘ವಾಷಿಂಗ್ಟನ್ ಪೋಸ್ಟ್’ ವರದಿಗಾರರಿಗೆ ದಾರಿ ತೋರಿಸುತ್ತಿದ್ದ ವ್ಯಕ್ತಿ ಯಾರು ಅಂತ ಜಗತ್ತಿಗೆ ಗೊತ್ತಾಗಿದ್ದು 2005ರಲ್ಲಿ, ಮೂವತ್ತಕ್ಕೂ ಜಾಸ್ತಿ ವರ್ಷದ ನಂತರ. ಅವರು ಆಗ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನಲ್ಲಿ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್. ಆದರೆ ಆ ವರದಿಗಾರರು ಅವರೊಬ್ಬರ ಮಾತನ್ನೇ ಹಿಡಿದು ಬರೆದುಬಿಡಲಿಲ್ಲ. ಬೇರೆಯವರನ್ನು ಕೇಳಿದರು, ದಾಖಲೆ ಹುಡುಕಿದರು. ನೀವು ನೋಡಬೇಕಾದ್ದೂ ಅದನ್ನೇ. ಹೆಸರು ಯಾಕೆ ಕೊಟ್ಟಿಲ್ಲ ಅಂತ ಹೇಳಿದ್ದಾರಾ? ‘ಸಭೆಯಲ್ಲಿ ಹಾಜರಿದ್ದ ಇಬ್ಬರು ಅಧಿಕಾರಿಗಳು’ ಅನ್ನುವ ಹಾಗೆ, ಆ ವ್ಯಕ್ತಿಗೆ ವಿಷಯ ಹೇಗೆ ಗೊತ್ತು ಅನ್ನುವುದು ತಿಳಿಯುತ್ತದಾ? ಕಾಗದಪತ್ರ ಏನಾದರೂ ನೋಡಿದ್ದಾರಾ? ಆರೋಪ ಹೊತ್ತವರನ್ನು ಕೇಳಿದ್ದಾರಾ, ಅವರು ಉತ್ತರ ಕೊಡದಿದ್ದರೆ ‘ಕೇಳಿದೆವು, ಉತ್ತರಿಸಲಿಲ್ಲ’ ಅಂತಾದರೂ ಬರೆದಿದ್ದಾರಾ?

ಇನ್ನೊಂದು ಮೋಸ ಇದೆ. ಒಂದೇ ಸುದ್ದಿ ಹತ್ತು ತಾಣಗಳಲ್ಲಿದೆ, ಹಾಗಾಗಿ ನಿಜ ಅಂತ ನಮಗೆ ಅನ್ನಿಸುತ್ತದೆ. ಹತ್ತನ್ನೂ ತೆರೆದು ನೋಡಿದರೆ ವಾಕ್ಯವೂ ಅದೇ, ತಪ್ಪೂ ಅದೇ. ಎಲ್ಲರೂ ಒಂದೇ ಸುದ್ದಿಸಂಸ್ಥೆಯ ಪ್ರತಿಯನ್ನೋ ಒಂದೇ ಪೋಸ್ಟನ್ನೋ ಎತ್ತಿ ಹಾಕಿರುತ್ತಾರೆ. ಅದು ಹತ್ತು ಮೂಲ ಅಲ್ಲ, ಒಂದೇ ಮೂಲ. ಜೊತೆಗೆ, ಒಂದು ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ ಅಂತ 1977ರಷ್ಟು ಹಿಂದೆಯೇ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಎಲ್ಲ ಕಡೆ ಕಂಡಿದ್ದೇನೆ ಅನ್ನುವುದು ಅಂಕ ಕೊಡಲು ಕಾರಣ ಆಗಬಾರದು.

ಪುಟ ಬಿಟ್ಟು ಹೊರಗೆ ಹೋಗಿ

ತಾಣ ಗೊತ್ತಿಲ್ಲದ್ದಾದರೆ ನಾವೆಲ್ಲ ಮಾಡುವುದು ಏನು? ಆ ಪುಟದಲ್ಲೇ ಮೇಲೆ ಕೆಳಗೆ ಓಡಾಡುತ್ತೇವೆ. ಲೋಗೊ ಚೆನ್ನಾಗಿದೆ, ‘ನಮ್ಮ ಬಗ್ಗೆ’ ಪುಟ ಇದೆ, ಅಕ್ಷರದೋಷ ಇಲ್ಲ, ಸರಿ ನಂಬಬಹುದು ಅಂದುಕೊಳ್ಳುತ್ತೇವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಮಂದಿ ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು, 25 ವಿದ್ಯಾರ್ಥಿಗಳನ್ನು ಕೂರಿಸಿ ಅವರು ವೆಬ್‌ತಾಣಗಳನ್ನು ಹೇಗೆ ಅಳೆಯುತ್ತಾರೆ ಅಂತ ಗಮನಿಸಿದರು. ಪಿಎಚ್.ಡಿ. ಮಾಡಿದ ಇತಿಹಾಸಕಾರರೇ ಹಲವರು ಚೆಂದದ ಲೋಗೊ, ಗಂಭೀರವಾದ ಹೆಸರು ನೋಡಿ ಮೋಸ ಹೋದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ತಕ್ಷಣ ಹೊಸ ಟ್ಯಾಬ್ ತೆರೆದು, ಈ ತಾಣದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರೂ ಅವರೇ.

ನಾವೂ ಹೀಗೇ ಮಾಡಬಹುದು, ಇದಕ್ಕೆ ವಿಶೇಷ ತರಬೇತಿ ಏನೂ ಬೇಡ. ತಾಣದ ಹೆಸರನ್ನು ಹುಡುಕಿ. ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಹಿಂದೆ ಸುಳ್ಳು ಸುದ್ದಿ ಹಾಕಿ ಸಿಕ್ಕಿಬಿದ್ದಿದ್ದಾರಾ, ತಪ್ಪಾದಾಗ ತಿದ್ದಿಕೊಂಡಿದ್ದಾರಾ ನೋಡಿ. ವರದಿಯ ಮುಖ್ಯ ಸಂಗತಿಯನ್ನು ನಾಲ್ಕು ಪದಗಳಲ್ಲಿ ಹುಡುಕಿ. ಒಂದು ದಾಖಲೆ, ತೀರ್ಪು, ಅಧ್ಯಯನದ ಬಗ್ಗೆ ಬರೆದಿದ್ದರೆ ಮೂಲವನ್ನೇ ತೆರೆದು ಎರಡು ಪುಟ ಕಣ್ಣಾಡಿಸಿ. ಫೋಟೊ ಇದ್ದರೆ ಅದನ್ನು ಇಮೇಜ್ ಸರ್ಚ್‌ಗೆ ಹಾಕಿ, ಬೇರೆ ದೇಶದ ಬೇರೆ ವರ್ಷದ ಫೋಟೊ ಅಂತ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುವುದುಂಟು.

ಒಂದು ಎಚ್ಚರಿಕೆ. ನಾನು ಮೇಲೆ ಹೇಳಿದ 2019ರ ಅಧ್ಯಯನದಲ್ಲೇ ಇನ್ನೊಂದು ವಿಷಯ ಕಂಡಿತ್ತು: ಜನ ಹೆಸರು ಕೇಳದ ತಾಣಗಳನ್ನು ಸಾಮಾನ್ಯವಾಗಿ ನಂಬುವುದಿಲ್ಲ. ಕಳ್ಳ ತಾಣಗಳಿಂದ ಇದು ನಮ್ಮನ್ನು ಕಾಯುತ್ತದೆ, ನಿಜ. ಆದರೆ ಒಳ್ಳೆಯ ಕೆಲಸ ಮಾಡುವ ಸಣ್ಣ ತಾಣಕ್ಕೂ ಅದೇ ಏಟು ಬೀಳುತ್ತದೆ. ಹೆಸರು ಕೇಳಿಲ್ಲ ಅನ್ನುವ ಒಂದೇ ಕಾರಣಕ್ಕೆ ಕಡಿಮೆ ಕೊಡಬೇಡಿ. ಎರಡು ನಿಮಿಷ ಹುಡುಕಿ, ಆಮೇಲೆ ತೀರ್ಮಾನಿಸಿ.

ಒಂದು ವರದಿಗೆ ಅಂಕ ಕೊಟ್ಟು ನೋಡೋಣ

2015ರಲ್ಲಿ ಹಲವು ದೇಶಗಳ ಮಾಧ್ಯಮಗಳಲ್ಲಿ ಒಂದು ಸುದ್ದಿ ಬಂತು: ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ. ಜರ್ಮನಿಯಲ್ಲಿ ನಡೆದ ಅಧ್ಯಯನ, ಕಡಿಮೆ ಕಾರ್ಬೊಹೈಡ್ರೇಟ್ ಊಟದ ಜೊತೆ ದಿನಾ ಒಂದಿಷ್ಟು ಡಾರ್ಕ್ ಚಾಕೊಲೇಟ್ ತಿಂದವರ ತೂಕ ಶೇ 10ರಷ್ಟು ಬೇಗ ಇಳಿಯಿತು, ಸಂಶೋಧಕರ ಹೆಸರು ಯೋಹಾನೆಸ್ ಬೊಹಾನನ್, ಸಂಸ್ಥೆ ‘ಇನ್‌ಸ್ಟಿಟ್ಯೂಟ್ ಆಫ್ ಡಯಟ್ ಆ್ಯಂಡ್ ಹೆಲ್ತ್’, ಪ್ರಬಂಧ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟ. ಈ ವರದಿ ನಿಮ್ಮ ಮುಂದಿದೆ ಅಂದುಕೊಳ್ಳಿ. ಎಷ್ಟು ಸ್ಟಾರ್?

ಮೊದಲ ನೋಟಕ್ಕೆ ಎಲ್ಲ ಸರಿಯಾಗಿದೆ. ಹೆಸರಿದೆ, ಸಂಸ್ಥೆ ಇದೆ, ಅಂಕಿ ಇದೆ, ಪ್ರಬಂಧ ಇದೆ. ‘ಎನ್ನಲಾಗಿದೆ’ ಒಂದೂ ಇಲ್ಲ. ಈಗ ಒಂದೊಂದಾಗಿ ಮುಟ್ಟಿ ನೋಡಿ. ಎಷ್ಟು ಜನರ ಮೇಲೆ ಪ್ರಯೋಗ ಮಾಡಿದರು? ವರದಿಯಲ್ಲಿ ಇಲ್ಲ. ಎಷ್ಟು ದಿನ? ಅದೂ ಇಲ್ಲ. ಈ ಅಧ್ಯಯನಕ್ಕೆ ಸಂಬಂಧವೇ ಇಲ್ಲದ ಬೇರೆ ತಜ್ಞರೊಬ್ಬರನ್ನು ಕೇಳಿದ್ದಾರಾ? ಇಲ್ಲ. ಇಷ್ಟು ಸಾಕು, ಎರಡಕ್ಕಿಂತ ಜಾಸ್ತಿ ಕೊಡಲು ಮನಸ್ಸು ಬರುವುದಿಲ್ಲ. ಇನ್ನು ಹೊಸ ಟ್ಯಾಬ್ ತೆರೆದು ಆ ಸಂಸ್ಥೆಯ ಹೆಸರು ಹುಡುಕಿದರೆ? ಅದರ ಸ್ವಂತ ವೆಬ್‌ಸೈಟ್ ಬಿಟ್ಟು ಬೇರೇನೂ ಇರಲಿಲ್ಲ, ಯಾಕೆಂದರೆ ಅಂಥ ಸಂಸ್ಥೆಯೇ ಇರಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತರು ಇದು ತಾವೇ ಮಾಡಿದ್ದು ಅಂತ ಬಹಿರಂಗವಾಗಿ ಬರೆದರು. ಡಯಟ್ ಸುದ್ದಿಗಳು ಎಷ್ಟು ಸಡಿಲವಾಗಿ ಹುಟ್ಟುತ್ತವೆ ಅಂತ ತೋರಿಸಲು ಒಂದು ಸಾಕ್ಷ್ಯಚಿತ್ರ ತಂಡದ ಜೊತೆ ಸೇರಿ ಮಾಡಿದ ಕೆಲಸ. ಪ್ರಯೋಗವನ್ನು ನಿಜಕ್ಕೂ ಮಾಡಿದ್ದರು. ಆದರೆ ಕೊನೆಗೆ ಲೆಕ್ಕಕ್ಕೆ ಸಿಕ್ಕವರು ಬರೀ 15 ಜನ, ಮೂರು ಗುಂಪು, ಮೂರು ವಾರ. ತೂಕ, ಕೊಲೆಸ್ಟರಾಲ್, ನಿದ್ದೆ ಅಂತ 18 ಬೇರೆ ಬೇರೆ ಅಳತೆ ತೆಗೆದಿದ್ದರು. ಅಷ್ಟು ಕಮ್ಮಿ ಜನರಲ್ಲಿ ಅಷ್ಟು ಸಂಗತಿ ಅಳೆದರೆ ಯಾವುದಾದರೂ ಒಂದರಲ್ಲಿ ಸುಮ್ನೆ ಅದೃಷ್ಟಕ್ಕೆ ವ್ಯತ್ಯಾಸ ಕಂಡೇ ಕಾಣುವ ಸಾಧ್ಯತೆ ಜಾಸ್ತಿ. ಅವರಿಗೆ ಸಿಕ್ಕಿದ್ದು ತೂಕ. ನಿದ್ದೆ ಸಿಕ್ಕಿದ್ದರೆ ‘ಚಾಕೊಲೇಟ್ ತಿಂದರೆ ಒಳ್ಳೆ ನಿದ್ದೆ’ ಅಂತ ಸುದ್ದಿ ಆಗುತ್ತಿತ್ತು. ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿದಿರಿ ಅಂತ ಕೇಳಿದ ವರದಿಗಾರರು ಇರಲಿಲ್ಲ ಅನ್ನುವಷ್ಟು ಕಮ್ಮಿ.

ಓದುಗರು ಕೇಳಬಹುದಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಈ ರೇಟಿಂಗ್ ಕೆಲಸದ ಮೇಲೆ ನಂಬಿಕೆ ಜಾಸ್ತಿಯಾಗುತ್ತದೆ. ‘ಎಷ್ಟು ಜನ ಅಂತ ಹೇಳಿಲ್ಲ, ಹೊರಗಿನ ತಜ್ಞರನ್ನು ಕೇಳಿಲ್ಲ, ಎರಡು ಸ್ಟಾರ್’ ಅಂತ ಹತ್ತು ಜನ ಬರೆದಿದ್ದರೆ ಹನ್ನೊಂದನೆಯವರು ಹಂಚುವ ಮುಂಚೆ ನಿಲ್ಲುತ್ತಿದ್ದರು. ಅದಕ್ಕೆ ವಿಜ್ಞಾನದ ಡಿಗ್ರಿ ಬೇಕಿಲ್ಲ, ಕೇಳುವ ಅಭ್ಯಾಸ ಬೇಕು.

ಅಂಕಿಗಳ ಬಗ್ಗೆ ಇನ್ನೊಂದು ಮಾತು. ‘ಎರಡು ಪಟ್ಟು ಅಪಾಯ’, ‘ಶೇ 100 ಏರಿಕೆ’ ಅಂತ ಕಂಡರೆ, ಎಷ್ಟರಿಂದ ಎಷ್ಟಕ್ಕೆ ಅಂತ ಹುಡುಕಿ. 1995ರಲ್ಲಿ ಬ್ರಿಟನ್ನಿನಲ್ಲಿ ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ ಅಧಿಕೃತ ಎಚ್ಚರಿಕೆ ಬಂತು, ಮಾಧ್ಯಮಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಎರಡು ಪಟ್ಟು ಅನ್ನುವುದು ಸುಳ್ಳಲ್ಲ. 7,000 ಹೆಂಗಸರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗೆ ಆಗಿತ್ತು. ಆದರೆ ಈ ‘7,000ದಲ್ಲಿ’ ಅನ್ನುವ ಮಾತು ಹೆಚ್ಚಿನವರಿಗೆ ತಲುಪಲೇ ಇಲ್ಲ. ಗಾಬರಿಯಾಗಿ ಎಷ್ಟೋ ಹೆಂಗಸರು ಮಾತ್ರೆ ಬಿಟ್ಟರು, ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಹೆಚ್ಚುವರಿ ಗರ್ಭಪಾತಗಳಾದವು ಅನ್ನುವ ಅಂದಾಜಿದೆ. ಬಿಟ್ಟುಹೋದ ಒಂದು ಅಂಕಿ ಇಷ್ಟು ಮಾಡಿತು. ಹಾಗಾಗಿ ಎಷ್ಟರಿಂದ ಎಷ್ಟಕ್ಕೆ ಅಂತ ಹೇಳದ ಆರೋಗ್ಯ ಸುದ್ದಿಗೆ ನಾನು ಮೂರಕ್ಕಿಂತ ಮೇಲೆ ಹೋಗುವುದೇ ಇಲ್ಲ.

ನಿಮ್ಮ ಕಣ್ಣನ್ನೂ ಒಮ್ಮೆ ನೋಡಿಕೊಳ್ಳಿ

1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಲೆಬನಾನಿನ ಬೈರುತ್‌ನಲ್ಲಿ ಇಸ್ರೇಲಿನ ಮಿತ್ರ ಪಡೆಯೊಂದು ಪ್ಯಾಲೆಸ್ಟೀನ್ ನಿರಾಶ್ರಿತರನ್ನು ಕೊಂದ 1982ರ ಹತ್ಯಾಕಾಂಡದ ಬಗ್ಗೆ ಟಿವಿಯಲ್ಲಿ ಬಂದಿದ್ದ ಸುದ್ದಿ ತುಣುಕುಗಳನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಇಸ್ರೇಲ್ ಪರ ಇದ್ದವರಿಗೂ ಅರಬ್ಬರ ಪರ ಇದ್ದವರಿಗೂ ತೋರಿಸಿದರು. ತೋರಿಸಿದ್ದು ಅದೇ ತುಣುಕು, ಅದೇ ಮಾತು. ಇಸ್ರೇಲ್ ಪರ ಇದ್ದವರು ಇದು ಇಸ್ರೇಲ್ ವಿರುದ್ಧ ವಾಲಿದೆ ಅಂದರು. ಅರಬ್ಬರ ಪರ ಇದ್ದವರು ಇದು ಇಸ್ರೇಲ್ ಪರ ವಾಲಿದೆ ಅಂದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೇ ಕಂಡಿತ್ತು. ನಮಗೂ ಹಾಗೇ ಕಾಣುತ್ತದೆ. ಅದರಲ್ಲೂ ನಮಗೆ ತುಂಬಾ ಹತ್ತಿರದ ವಿಷಯ ಇದ್ದಾಗ.

ಇದಕ್ಕೆ ನಾನು ಕಂಡುಕೊಂಡ ಮದ್ದು ತುಂಬಾ ಸರಳ. ವರದಿಯಲ್ಲಿ ಹೆಸರುಗಳನ್ನು ಅದಲುಬದಲು ಮಾಡಿ ಓದಿ. ಆರೋಪ ನಿಮಗೆ ಆಗದ ಪಕ್ಷದವರ ಮೇಲಿದ್ದರೆ, ಅದೇ ಆರೋಪ, ಅದೇ ಪುರಾವೆ, ಅದೇ ‘ಬಲ್ಲ ಮೂಲಗಳು’ ನಿಮ್ಮವರ ಮೇಲೆ ಬಂದಿದ್ದರೆ ಎಷ್ಟು ಕೊಡುತ್ತಿದ್ದಿರಿ? ಎರಡೂ ಸಲ ಅದೇ ಅಂಕ ಬಂದರೆ ಧೈರ್ಯವಾಗಿ ಒತ್ತಿ. ಬರದಿದ್ದರೆ ಒಂದು ಗಂಟೆ ಬಿಟ್ಟು ಬನ್ನಿ.

ಸಮತೋಲ ಅಂದರೆ ಇಬ್ಬರಿಗೂ ಸಮ ಜಾಗ ಅಂತಲ್ಲ. ನೂರಾರು ಸಂಶೋಧನೆ ಒಂದು ಕಡೆ, ಒಬ್ಬರ ಅನಿಸಿಕೆ ಇನ್ನೊಂದು ಕಡೆ ಇದ್ದಾಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ವರದಿ ನೋಡಲು ನ್ಯಾಯವಾಗಿ ಕಾಣುತ್ತದೆ, ಓದುಗರ ದಾರಿಯನ್ನು ಮಾತ್ರ ತಪ್ಪಿಸುತ್ತದೆ.

ಬೇರೆಯವರ ಅಂಕವನ್ನು ಮೊದಲೇ ನೋಡಬೇಡಿ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಒಂದು ತಾಣದ ಕಾಮೆಂಟ್‌ಗಳ ಪೈಕಿ ಕೆಲವಕ್ಕೆ ಸಂಶೋಧಕರು ತಾವಾಗೇ ಒಂದೇ ಒಂದು ಮೆಚ್ಚುಗೆಯ ವೋಟು ಹಾಕಿ ಬಿಟ್ಟರು. ಆ ಒಂದು ವೋಟಿನಿಂದಾಗಿ ಅವುಗಳ ಕೊನೆಯ ಅಂಕ ಸರಾಸರಿ ಶೇ 25ರಷ್ಟು ಮೇಲೆ ಹೋಯಿತು. ಮುಂದಿದ್ದವರ ಹಿಂದೆ ನಡೆದುಬಿಡುವುದು ಮನುಷ್ಯರ ಸ್ವಭಾವ. ಸ್ಟಾರ್‌ಗಳು ಮೊದಲೇ ಕಾಣುವಂತಿದ್ದರೆ ನಾನು ವರದಿ ಓದುತ್ತಲೇ ಮನಸ್ಸಿನಲ್ಲಿ ಒಂದು ಅಂಕ ಗಟ್ಟಿ ಮಾಡಿಕೊಂಡು ಆಮೇಲೆ ಕೆಳಗೆ ಸರಿಸುತ್ತೇನೆ. ‘ಎಲ್ಲರೂ ಹೋಗಿ ಇದಕ್ಕೆ ಒಂದು ಸ್ಟಾರ್ ಒತ್ತಿ’ ಅಂತ ಗುಂಪಿನಲ್ಲಿ ಮೆಸೇಜ್ ಬಂದರೆ, ವಿಷಯ ನಿಮ್ಮ ಕಡೆಯದ್ದೇ ಆದರೂ, ದಯವಿಟ್ಟು ಹೋಗಬೇಡಿ. ಇಂಥ ದಾಳಿ ತಡೆಯಲು ಎಕ್ಸ್‌ನ (ಹಿಂದಿನ ಟ್ವಿಟರ್) ‘ಕಮ್ಯುನಿಟಿ ನೋಟ್ಸ್’, ಅಂದರೆ ದಾರಿ ತಪ್ಪಿಸುವ ಪೋಸ್ಟ್‌ಗಳಿಗೆ ಬಳಕೆದಾರರೇ ಟಿಪ್ಪಣಿ ಬರೆಯುವ ವ್ಯವಸ್ಥೆ, ಬೇರೆ ದಾರಿ ಹಿಡಿದಿದೆ. 2021ರಲ್ಲಿ ‘ಬರ್ಡ್‌ವಾಚ್’ ಅನ್ನುವ ಹೆಸರಿನಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಎಷ್ಟು ಜನ ಒತ್ತಿದರು ಅನ್ನುವುದಷ್ಟೇ ಸಾಲದು, ಸಾಮಾನ್ಯವಾಗಿ ಪರಸ್ಪರ ಒಪ್ಪದವರೂ ಒಂದು ಟಿಪ್ಪಣಿ ಉಪಯುಕ್ತ ಅಂದಾಗ ಮಾತ್ರ ಅದು ಎಲ್ಲರಿಗೂ ಕಾಣುತ್ತದೆ.

ಅಂಕ ಒತ್ತುವ ಹೊತ್ತು

ನನ್ನ ಲೆಕ್ಕ ಹೀಗೆ. ಮೂರರಿಂದ ಶುರು ಮಾಡುತ್ತೇನೆ. ಮೂರು ಅಂದರೆ ಸಾಧಾರಣ ಕೆಲಸ, ಕೆಟ್ಟದ್ದೇನೂ ಇಲ್ಲ, ವಿಶೇಷವೂ ಇಲ್ಲ. ವರದಿಗಾರರು ತಾವೇ ಹೋಗಿ ನೋಡಿ, ದಾಖಲೆ ತೆಗೆದು, ಎರಡೂ ಕಡೆ ಮಾತಾಡಿಸಿದ್ದರೆ ನಾಲ್ಕು. ಅದರ ಜೊತೆಗೆ ಹಿನ್ನೆಲೆಯನ್ನೂ ಬಿಡಿಸಿ ಹೇಳಿ, ಇನ್ನೂ ಗೊತ್ತಾಗದ್ದು ಏನು ಅಂತ ನೇರವಾಗಿ ಬರೆದಿದ್ದರೆ ಐದು. ಐದನ್ನು ನಾನು ಅಪರೂಪಕ್ಕೆ ಕೊಡುತ್ತೇನೆ, ಕೊಟ್ಟಾಗ ಮನಸ್ಸು ತುಂಬಿ ಕೊಡುತ್ತೇನೆ. ಮುಖ್ಯವಾದ ಪ್ರಶ್ನೆಯನ್ನೇ ಕೇಳಿಲ್ಲ ಅಂದರೆ ಎರಡು. ಬೇಕೆಂದೇ ದಾರಿ ತಪ್ಪಿಸಿದ್ದಕ್ಕೆ ಮಾತ್ರ ಒಂದು. ಒಂದು ಅಕ್ಷರದೋಷಕ್ಕೆ, ಇಷ್ಟವಾಗದ ಒಂದು ಪದಕ್ಕೆ ಒಂದು ಸ್ಟಾರ್ ಕೊಟ್ಟರೆ ನಿಜವಾದ ಸುಳ್ಳಿಗೆ ಕೊಡಲು ಏನೂ ಉಳಿಯುವುದಿಲ್ಲ.

ಕೆಲವು ಕಡೆ ಆಧಾರ, ನ್ಯಾಯ, ಮೂಲ, ಹಿನ್ನೆಲೆ ಅಂತ ಬೇರೆ ಬೇರೆ ಕೇಳುತ್ತಾರೆ. ‘ನ್ಯೂಸ್‌ಟ್ರಸ್ಟ್’ ಅನ್ನುವ ತಾಣದಲ್ಲಿ ಓದುಗರು ಬಹಳ ಹಿಂದೆಯೇ ಹೀಗೆ ಅಂಕ ಕೊಡುತ್ತಿದ್ದರು. ಬೇರೆ ಬೇರೆ ಕೇಳಿದರೆ ಎಲ್ಲದಕ್ಕೂ ಒಂದೇ ಅಂಕ ಒತ್ತಿ ಮುಗಿಸಬೇಡಿ. ಭಾಷೆ ಚೆನ್ನಾಗಿದ್ದು ಆಧಾರ ಇಲ್ಲದ ವರದಿಗಳು ಬೇಕಾದಷ್ಟಿವೆ. ಸಪ್ಪೆಯಾಗಿ ಬರೆದರೂ ಒಂದೊಂದು ಸಾಲಿಗೂ ದಾಖಲೆ ಇಟ್ಟವೂ ಇವೆ. ‘ಗೊತ್ತಿಲ್ಲ’ ಅನ್ನುವ ಆಯ್ಕೆ ಇದ್ದರೆ ಸಂಕೋಚ ಬೇಡ. ಬ್ಯಾಂಕಿನ ಬಡ್ಡಿದರದ ಬಗ್ಗೆ ಬರೆದ ವರದಿಯ ಲೆಕ್ಕ ಸರಿಯಾ ಅಂತ ನನಗೆ ತಿಳಿಯದಿದ್ದರೆ ಆ ಸಾಲನ್ನು ಖಾಲಿ ಬಿಡುತ್ತೇನೆ, ಮೂಲಗಳ ಸಾಲಿಗೆ ಮಾತ್ರ ಅಂಕ ಕೊಡುತ್ತೇನೆ.

ಅಂಕದ ಜೊತೆ ಎರಡು ಸಾಲು ಬರೆಯಿರಿ. ‘ಪೇಯ್ಡ್ ನ್ಯೂಸ್’, ‘ಸೂಪರ್’, ‘ಥೂ’ ಅಂತ ಬರೆದರೆ ಯಾರಿಗೂ ಏನೂ ಸಿಗಲಿಲ್ಲ. ‘ನಾಲ್ಕನೇ ಪ್ಯಾರಾದಲ್ಲಿ 300 ಮನೆ ಅಂತಿದೆ, ಅವರೇ ಲಿಂಕ್ ಕೊಟ್ಟ ಆದೇಶದಲ್ಲಿ 130 ಇದೆ’ ಅಂತ ಬರೆದರೆ ಮುಂದಿನ ಓದುಗರು ತಾವೇ ತೆರೆದು ನೋಡಬಹುದು, ವರದಿಗಾರರು ತಿದ್ದಿಕೊಳ್ಳಬಹುದು. ಒಳ್ಳೆಯದನ್ನೂ ಹೀಗೇ ಗುರುತು ಹಿಡಿದು ಹೇಳಿ. ‘ಆರೋಪ ಹೊತ್ತವರ ಉತ್ತರವನ್ನು ಪೂರ್ತಿ ಹಾಕಿದ್ದೀರಿ’ ಅಂತ ಓದುಗರೊಬ್ಬರು ಬರೆದರೆ ವರದಿಗಾರರು ಮುಂದಿನ ಸಲವೂ ಆ ಫೋನ್ ಕಾಲ್ ಮಾಡುತ್ತಾರೆ.

ಕೊಟ್ಟ ಮೇಲೆ ಮರೆತುಬಿಡಬೇಡಿ. ಅದೇ ವಿಷಯ ಮತ್ತೆ ಸುದ್ದಿಯಾದಾಗ ಹಳೆಯ ವರದಿಗೆ ಒಮ್ಮೆ ಹೋಗಿ ಬನ್ನಿ. ತಿದ್ದುಪಡಿ ಹಾಕಿದ್ದರೆ, ಏನು ತಪ್ಪಾಗಿತ್ತು, ಯಾವಾಗ ತಿದ್ದಿದೆವು ಅಂತ ಸ್ಪಷ್ಟವಾಗಿ ಬರೆದಿದ್ದರೆ, ನಾನು ಒಂದು ಸ್ಟಾರ್ ಜಾಸ್ತಿಯೇ ಮಾಡುತ್ತೇನೆ. ತಪ್ಪು ಒಪ್ಪಿಕೊಳ್ಳುವ ತಾಣವನ್ನು ನಂಬಬಹುದು. ಸದ್ದಿಲ್ಲದೆ ಸಾಲು ಬದಲಾಯಿಸಿದ್ದಾರೆ ಅಂತ ಅನುಮಾನ ಬಂದರೆ ಇಂಟರ್‌ನೆಟ್ ಆರ್ಕೈವ್‌ನವರ ‘ವೇಬ್ಯಾಕ್ ಮಷೀನ್’ನಲ್ಲಿ ಆ ಪುಟದ ವಿಳಾಸ ಹಾಕಿ ನೋಡಿ, ಹಳೆಯ ಪ್ರತಿ ಎಷ್ಟೋ ಸಲ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಅಂತ ಟಿಪ್ಪಣಿಯಲ್ಲಿ ಬರೆಯಿರಿ, ಅಂಕ ಇಳಿಸಿ.

ನಿಮ್ಮ ಅಂಕವೇ ತಪ್ಪಾಗಿದ್ದರೆ ಅದನ್ನೂ ಬದಲಾಯಿಸಿ. ಆ ಕಂಪನಿಯ ವರದಿಗೆ ಕೊಟ್ಟಿದ್ದ ಐದನ್ನು ನಾನು ಎರಡು ಮಾಡಿದೆ. ಕೆಳಗೆ ಬರೆದೆ: ‘ಮೊದಲ ಸಲ ಸಿಟ್ಟಿನಲ್ಲಿ ಕೊಟ್ಟಿದ್ದೆ. ಒಂದೇ ಮೂಲ, ಅದಕ್ಕೂ ಹೆಸರಿಲ್ಲ. ಕಂಪನಿಯನ್ನು ಕೇಳಿದ ಬಗ್ಗೆ ಒಂದು ಸಾಲೂ ಇಲ್ಲ.’